ವೃತ್ತ ಕೆಟ್ಟು ಗೆರೆಯಾದಾಗ: ಮನೆಯಲ್ಲಿ ಕಟ್ಟುವ ಎಸ್‌ಡಿಆರ್‌ಗೆ 90 ಡಿಗ್ರಿ ಫೇಸ್

(ಹವ್ಯಾಸಿ ರೇಡಿಯೋ ಕಟ್ಟುವವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಾನು ಮಾಡಿದ ಒಂದು ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇವತ್ತು ಹೇಳಬೇಕಾದದ್ದರಲ್ಲಿ ಅರ್ಧ ಅದರೊಳಗೇ ಇದೆ.

ನನ್ನ ಮೊದಲ ಎಸ್‌ಡಿಆರ್, ಅಂದರೆ ಸಿಗ್ನಲ್ ಬಿಡಿಸುವ ಕೆಲಸವನ್ನು ಕಂಪ್ಯೂಟರಿಗೆ ಬಿಡುವ ಸಾಫ್ಟ್‌ವೇರ್ ರೇಡಿಯೋದ ಬೆಸುಗೆ ಮುಗಿದ ರಾತ್ರಿ. 40 ಮೀಟರ್ (7 ಮೆಗಾಹರ್ಟ್ಸ್) ಬ್ಯಾಂಡಿನ ಆಂಟೆನಾ ಸಿಕ್ಕಿಸಿದೆ, ಸೌಂಡ್ ಕಾರ್ಡಿಗೆ ಎಡ ಬಲ ಎರಡೂ ತಂತಿ ಕೊಟ್ಟೆ. ಕಂಪ್ಯೂಟರ್ ಪರದೆಯ ಮೇಲೆ ಸಿಗ್ನಲ್‌ಗಳು ಒಂದೊಂದಾಗಿ ಇಳಿಯತೊಡಗಿದವು. ಮೋರ್ಸ್ ಕೇಳಿಸಿತು, ಮಾತೂ ಕೇಳಿಸಿತು. ಹಿಗ್ಗಿನಲ್ಲಿ ಅರ್ಧ ಗಂಟೆ ಕಳೆದ ಮೇಲೆ ಕಣ್ಣಿಗೆ ಬಿದ್ದದ್ದು ಇದು: ಪರದೆಯ ನಡುಗೆರೆಯ ಬಲಕ್ಕೆ ಏನಿದೆಯೋ ಎಡಕ್ಕೂ ಅದೇ ಇದೆ, ಅಷ್ಟೇ ಪ್ರಖರವಾಗಿ. ಕಾಗದದ ಮೇಲೆ ಶಾಯಿ ಚೆಲ್ಲಿ ಮಡಿಸಿ ಬಿಡಿಸಿದ ಹಾಗೆ. ಎರಡು ಚಾನೆಲ್‌ಗಳನ್ನೂ ಆಸಿಲೋಸ್ಕೋಪಿಗೆ ಕೊಟ್ಟು ಒಂದನ್ನು ಅಡ್ಡಕ್ಕೂ ಇನ್ನೊಂದನ್ನು ಉದ್ದಕ್ಕೂ ಬರೆಯುವ ಎಕ್ಸ್-ವೈ ಗುಂಡಿ ಒತ್ತಿದೆ. ವೃತ್ತ ಕಾಣಬೇಕಾಗಿತ್ತು. ಕಂಡದ್ದು 45 ಡಿಗ್ರಿ ಓರೆಯಾದ ಒಂದು ಗೆರೆ.

ಕ್ಲಾಕ್ ಸರಿಯಿತ್ತು, ಫ್ಲಿಪ್-ಫ್ಲಾಪ್‌ಗಳು ಸರಿಯಿದ್ದವು, ಆಪ್-ಆಂಪ್‌ಗಳೂ ಸರಿಯಿದ್ದವು. ತಪ್ಪಿದ್ದದ್ದು ಕೇವಲ ಎರಡು ತಂತಿಗಳ ಅದಲುಬದಲು. ಆ ಗೆರೆ ಏಕೆ ಬಂತೆಂದು ಪೂರ್ತಿ ಅರ್ಥವಾಗಲು ನನಗೆ ಎರಡು ದಿನ ಹಿಡಿಯಿತು. ನಿಮಗೆ ಅಷ್ಟು ಹಿಡಿಯದಿರಲಿ ಎಂದು ಈ ಮಾತು.

ಎರಡು ಗೋಡೆ, ಒಂದು ಕಲ್ಲು

ದಾರಕ್ಕೆ ಕಲ್ಲು ಕಟ್ಟಿ ತಲೆಯ ಮೇಲೆ ಗಿರಗಿರನೆ ತಿರುಗಿಸುತ್ತಿದ್ದೀರಿ ಎಂದುಕೊಳ್ಳಿ. ಎದುರಿನ ಗೋಡೆಯ ಮೇಲೆ ಅದರ ನೆರಳು ಎಡಕ್ಕೂ ಬಲಕ್ಕೂ ಓಡಾಡುತ್ತದೆ. ಆ ನೆರಳನ್ನು ಮಾತ್ರ ನೋಡುವವನಿಗೆ ಕಲ್ಲು ಯಾವ ದಿಕ್ಕಿಗೆ ಸುತ್ತುತ್ತಿದೆ ಎಂದು ಹೇಳಲಾಗದು. ಪಕ್ಕದ ಗೋಡೆಯ ಮೇಲಿನ ನೆರಳೂ ಕಂಡರೆ ಹೇಳಬಹುದು. ಯಾವ ನೆರಳು ಮೊದಲು ತುದಿ ಮುಟ್ಟುತ್ತದೆ ಎಂದು ನೋಡಿದರಾಯಿತು.

ರಿಸೀವರ್‌ನಲ್ಲಿ ನಡೆಯುವುದೂ ಇದೇ. ಬಂದ ಸಿಗ್ನಲ್ಲನ್ನು ಆಸಿಲೇಟರ್ ಅಲೆಯ ಜೊತೆ ಬೆರೆಸಿ ಎರಡರ ವ್ಯತ್ಯಾಸದ ಕಂಪನಾಂಕಕ್ಕೆ ಇಳಿಸುವ ಭಾಗವೇ ಮಿಕ್ಸರ್. ಆಸಿಲೇಟರ್ 7.100 ಮೆಗಾಹರ್ಟ್ಸ್‌ನಲ್ಲಿದ್ದರೆ, 7.103ರ ಸಿಗ್ನಲ್ ಕೂಡ 3 ಕಿಲೋಹರ್ಟ್ಸ್ ಆಗಿ ಇಳಿಯುತ್ತದೆ, 7.097ರದ್ದೂ 3 ಕಿಲೋಹರ್ಟ್ಸ್ ಆಗಿಯೇ ಇಳಿಯುತ್ತದೆ. ಒಂದು ಮಿಕ್ಸರ್‌ಗೆ ಎರಡೂ ಒಂದೇ. ಒಂದಕ್ಕೊಂದು 90 ಡಿಗ್ರಿ ಫೇಸ್ ಅಂತರದ, ಅಂದರೆ ಕಾಲು ಸುತ್ತು ಹಿಂದೆ ಮುಂದೆ ಇರುವ, ಎರಡು ಆಸಿಲೇಟರ್ ಅಲೆಗಳಿಂದ ಎರಡು ಮಿಕ್ಸರ್ ನಡೆಸಿದರೆ ಎರಡು ಗೋಡೆ ಸಿಕ್ಕಂತೆ. ಒಂದನ್ನು ಐ, ಇನ್ನೊಂದನ್ನು ಕ್ಯೂ ಎನ್ನುತ್ತೇವೆ. ಮೇಲಿನ ಸಿಗ್ನಲ್ ಒಂದು ದಿಕ್ಕಿಗೆ ಸುತ್ತುತ್ತದೆ, ಕೆಳಗಿನದು ಅದರ ವಿರುದ್ಧ ದಿಕ್ಕಿಗೆ.

ಗೋಡೆಗಳು ಲಂಬವಾಗಿಲ್ಲದಿದ್ದರೆ, ಅಥವಾ ಒಂದು ಗೋಡೆಯ ನೆರಳು ಇನ್ನೊಂದಕ್ಕಿಂತ ದೊಡ್ಡದಾದರೆ ವೃತ್ತ ಚಪ್ಪಟೆಯಾಗಿ ದೀರ್ಘವೃತ್ತವಾಗುತ್ತದೆ. ಯಾವ ದೀರ್ಘವೃತ್ತವನ್ನಾದರೂ ಎರಡು ವೃತ್ತಗಳ ಮೊತ್ತವಾಗಿ ಬರೆಯಬಹುದು: ಸರಿಯಾದ ದಿಕ್ಕಿಗೆ ಸುತ್ತುವ ಒಂದು ದೊಡ್ಡದು, ಉಲ್ಟಾ ಸುತ್ತುವ ಒಂದು ಚಿಕ್ಕದು. ಆ ಚಿಕ್ಕ ವೃತ್ತವೇ ಪರದೆಯ ಆಚೆ ಬದಿಯಲ್ಲಿ ಕಾಣುವ ಪ್ರತಿಬಿಂಬ. ಚಪ್ಪಟೆಯಾಗುತ್ತಾ ಹೋದಂತೆ ಚಿಕ್ಕದು ದೊಡ್ಡದಾಗುತ್ತದೆ. ಪೂರ್ತಿ ಗೆರೆಯಾಗಿಬಿಟ್ಟರೆ ಎರಡೂ ಸಮ. ಆ ರಾತ್ರಿ ನನ್ನ ಪರದೆಯ ಮೇಲಿದ್ದದ್ದು ಇದೇ.

ಎಷ್ಟು ಸರಿಯಿದ್ದರೆ ಸಾಕು?

ಅಲೆಗಳ ಎತ್ತರ ಸಮವಾಗಿದ್ದು ಫೇಸ್ ಮಾತ್ರ 1 ಡಿಗ್ರಿ ತಪ್ಪಿದರೆ ಪ್ರತಿಬಿಂಬ ಮೂಲ ಸಿಗ್ನಲ್‌ಗಿಂತ 41 ಡೆಸಿಬೆಲ್ ಕೆಳಗಿರುತ್ತದೆ (20 ಡೆಸಿಬೆಲ್ ಇಳಿದರೆ ಅಲೆಯ ಎತ್ತರ ಹತ್ತನೆಯ ಒಂದು ಭಾಗ). 5 ಡಿಗ್ರಿ ತಪ್ಪಿದರೆ 27. ಇನ್ನು ಫೇಸ್ ಕರಾರುವಾಕ್ಕಾಗಿದ್ದು ಎತ್ತರದಲ್ಲಿ 0.1 ಡೆಸಿಬೆಲ್ ವ್ಯತ್ಯಾಸವಿದ್ದರೆ ಸುಮಾರು 45, 1 ಡೆಸಿಬೆಲ್ ಇದ್ದರೆ ಸುಮಾರು 25. ಪ್ರತಿಬಿಂಬ 60 ಡೆಸಿಬೆಲ್ ಕೆಳಗಿರಬೇಕೆಂದು ಹಟ ಹಿಡಿದರೆ ಫೇಸ್ 0.1 ಡಿಗ್ರಿಯ ಆಸುಪಾಸಿನಲ್ಲೂ ಎತ್ತರ 0.02 ಡೆಸಿಬೆಲ್‌ನೊಳಗೂ ಇರಬೇಕು. ಶೇಕಡಾ 5ರ ಕೆಪಾಸಿಟರ್ ಹಾಕಿ ಇದನ್ನು ಪಡೆಯುತ್ತೇನೆ ಎನ್ನುವವರಿಗೆ ಶುಭವಾಗಲಿ.

ಸರ್ಕ್ಯೂಟ್ ಒಂದರಿಂದಲೇ 40 ಡೆಸಿಬೆಲ್ ಬಂದರೆ ನಾನು ತೃಪ್ತ. ಉಳಿದದ್ದನ್ನು ಸಾಫ್ಟ್‌ವೇರ್ ತಿದ್ದುತ್ತದೆ. ಆದರೆ ಅದು ಎಲ್ಲ ತಪ್ಪುಗಳನ್ನೂ ಸಮನಾಗಿ ತಿದ್ದುವುದಿಲ್ಲ, ಇವತ್ತು ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. 90 ಡಿಗ್ರಿ ಎಷ್ಟು ತಪ್ಪಿದೆ ಎನ್ನುವುದಕ್ಕಿಂತ ಆ ತಪ್ಪು ಕಂಪನಾಂಕದ ಜೊತೆ ಹೇಗೆ ಬದಲಾಗುತ್ತದೆ ಎನ್ನುವುದು ಮುಖ್ಯ. ಅದು ಗೊತ್ತಾದರೆ ಬೆಸುಗೆ ಕಡ್ಡಿಗೆ ಕೈ ಹಾಕಬೇಕೋ ಕೀಲಿಮಣೆಗೋ ಎಂದು ತಿಳಿಯುತ್ತದೆ.

ಸ್ವಲ್ಪ ಹಿಂದಿನ ಮಾತು. ಫೇಸ್ ವಿಧಾನದಿಂದ ಒಂದು ಬದಿಯ ಸಿಗ್ನಲ್ ಅಳಿಸುವ ಉಪಾಯಕ್ಕೆ ಅಮೆರಿಕದ ಎಂಜಿನಿಯರ್ ರಾಲ್ಫ್ ಹಾರ್ಟ್ಲಿಗೆ 1928ರಲ್ಲೇ ಪೇಟೆಂಟ್ ಸಿಕ್ಕಿತ್ತು. ಅದಕ್ಕೆ ಎರಡು ಕಡೆ 90 ಡಿಗ್ರಿ ಬೇಕು. ಆಸಿಲೇಟರ್‌ನಲ್ಲಿ ಒಂದು, ಶಬ್ದದ ಭಾಗದಲ್ಲಿ ಇನ್ನೊಂದು. ಆಸಿಲೇಟರ್‌ನಲ್ಲಿ ಒಂದೇ ಕಂಪನಾಂಕಕ್ಕೆ ಸರಿಯಾದರೆ ಸಾಕು. ಶಬ್ದದ ಭಾಗದಲ್ಲಿ 300ರಿಂದ 3000 ಹರ್ಟ್ಸ್‌ವರೆಗೂ ಅದೇ 90 ನಿಲ್ಲಬೇಕು. ಹಿಂದಿನವರ ಬೆವರು ಇಳಿಸಿದ್ದು ಈ ಎರಡನೆಯದು. ಆಲ್-ಪಾಸ್ ಸರಣಿಗಳು, ಪಾಲಿಫೇಸ್ ಜಾಲಗಳು, ಆರಿಸಿ ಆರಿಸಿ ಜೋಡಿಸಿದ ರೆಸಿಸ್ಟರ್‌ಗಳು. ಈ ತಲೆನೋವೇ ಬೇಡವೆಂದು ಡೊನಾಲ್ಡ್ ವೀವರ್ 1956ರಲ್ಲಿ ಫಿಲ್ಟರ್ ವಿಧಾನ, ಫೇಸ್ ವಿಧಾನ ಎರಡೂ ಅಲ್ಲದ ಮೂರನೆಯದೊಂದು ದಾರಿಯನ್ನೇ ತೋರಿಸಿದರು. ಇಂದು ಆ ಶಬ್ದದ ಭಾಗವನ್ನು ಹಿಲ್ಬರ್ಟ್ ಫಿಲ್ಟರ್ ಎಂಬ ಕೆಲವೇ ಸಾಲಿನ ಪ್ರೋಗ್ರಾಂ ಮಾಡಿಬಿಡುತ್ತದೆ. ಅದರಲ್ಲಿ ಫೇಸ್ ಲೆಕ್ಕದ ಪ್ರಕಾರವೇ 90. ಬ್ಯಾಂಡಿನ ಎರಡು ಅಂಚುಗಳಲ್ಲಿ ಎತ್ತರ ಮಾತ್ರ ತುಸು ಏರುಪೇರಾಗುತ್ತದೆ. ನಮ್ಮ ಕೈಯಲ್ಲಿ ಉಳಿದದ್ದು ಮೊದಲನೆಯ 90.

ಎರಡು ಫ್ಲಿಪ್-ಫ್ಲಾಪ್‌ಗಳು

ನಾನು ಹೆಚ್ಚು ನಂಬುವ ಸರ್ಕ್ಯೂಟ್ ಜಾನ್ಸನ್ ಕೌಂಟರ್. ಒಂದು 74ಎಸಿ74 ಚಿಪ್ ಸಾಕು. ಅದರೊಳಗೆ ಎರಡು ಡಿ ಫ್ಲಿಪ್-ಫ್ಲಾಪ್‌ಗಳಿವೆ. ಕ್ಲಾಕ್ ಏಟು ಬಿದ್ದಾಗ ಡಿ ಇನ್‌ಪುಟ್‌ನಲ್ಲಿ ಇರುವುದನ್ನು ಹಿಡಿದು ಕ್ಯೂ ಔಟ್‌ಪುಟ್‌ಗೆ ಕೊಡುವುದು ಅವುಗಳ ಕೆಲಸ (ಈ ಕ್ಯೂ ಬೇರೆ, ಐ ಜೊತೆಗಾರ ಕ್ಯೂ ಬೇರೆ). ಎರಡಕ್ಕೂ ಒಂದೇ ಕ್ಲಾಕ್. ಮೊದಲನೆಯದರ ಕ್ಯೂ ಔಟ್‌ಪುಟ್ ಎರಡನೆಯದರ ಡಿ ಇನ್‌ಪುಟ್‌ಗೆ ಹೋಗುತ್ತದೆ, ಎರಡನೆಯದರ ತಲೆಕೆಳಗಾದ ಕ್ಯೂ ಮರಳಿ ಮೊದಲನೆಯದರ ಡಿ ಇನ್‌ಪುಟ್‌ಗೆ ಬರುತ್ತದೆ. ಅಷ್ಟೇ. ಪ್ರತಿ ಕ್ಲಾಕ್ ಏಟಿಗೆ ಎರಡು ಔಟ್‌ಪುಟ್‌ಗಳು 00, 10, 11, 01 ಎಂದು ಸಾಗಿ ನಾಲ್ಕನೆಯ ಏಟಿಗೆ ಮತ್ತೆ 00 ಆಗುತ್ತವೆ. ಒಂದು ಇನ್ನೊಂದಕ್ಕಿಂತ ಸರಿಯಾಗಿ ಕಾಲು ಸುತ್ತು ಹಿಂದೆ.

ಇದರ ಚೆಂದ ಇರುವುದು ಎರಡೂ ಕ್ಲಾಕ್‌ನ ಏರುವ ಅಂಚನ್ನೇ ನೋಡುತ್ತವೆ ಎಂಬುದರಲ್ಲಿ. ಕ್ಲಾಕ್ ಅಲೆ ಸೊಟ್ಟಗಿರಲಿ, ಮೇಲಿರುವ ಹೊತ್ತು ಶೇಕಡಾ 30 ಕೆಳಗಿರುವ ಹೊತ್ತು 70 ಇರಲಿ, 90ಕ್ಕೆ ಧಕ್ಕೆಯಿಲ್ಲ. ನಾಲ್ಕೂ ಸ್ಥಿತಿಗಳು ಇದೇ ಚಕ್ರದೊಳಗೆ ಇರುವುದರಿಂದ ವಿದ್ಯುತ್ ಹಾಕಿದಾಗ ಎಲ್ಲಿಂದ ಎದ್ದರೂ ದಾರಿ ತಪ್ಪುವುದಿಲ್ಲ. ತೆರಬೇಕಾದ ಬೆಲೆ ನಾಲ್ಕು ಪಟ್ಟು ಕ್ಲಾಕ್. 7.1 ಮೆಗಾಹರ್ಟ್ಸ್‌ಗೆ 28.4, 14.2ಕ್ಕೆ 56.8. 28 ಮೆಗಾಹರ್ಟ್ಸ್ ಬ್ಯಾಂಡಿಗೆ ಹೋದರೆ 112. ಅಲ್ಲಿ ಈ ಚಿಪ್‌ಗೆ ಏದುಸಿರು.

ಕೆಲವು ಸಣ್ಣ ವಿಷಯಗಳು. ಪ್ರಿಸೆಟ್ ಮತ್ತು ಕ್ಲಿಯರ್ ಕಾಲುಗಳನ್ನು, ಅಂದರೆ 1, 4, 10, 13ನ್ನು, ಧನ ವಿದ್ಯುತ್ತಿಗೆ ಕಟ್ಟಲೇಬೇಕು. ತೆರೆದು ಬಿಟ್ಟರೆ ಬೆರಳು ಹತ್ತಿರ ಬಂದಾಗ ಒಂದು ರೀತಿ, ದೂರ ಹೋದಾಗ ಇನ್ನೊಂದು ರೀತಿ ಆಡುತ್ತದೆ. ಚಿಪ್‌ನ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಇರಲಿ. ಒಂದು ಔಟ್‌ಪುಟ್‌ಗೆ ಏನು ಹೊರೆ ಕೊಡುತ್ತೀರೋ ಇನ್ನೊಂದಕ್ಕೂ ಅಷ್ಟೇ ಕೊಡಿ. ಕಂಪನಾಂಕ ಅಳೆಯಲೆಂದು ಒಂದರಿಂದ ಮಾತ್ರ ತಂತಿ ಎಳೆದರೆ ಅದರ ಅಂಚು ನಿಧಾನವಾಗುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ 1 ನ್ಯಾನೋಸೆಕೆಂಡ್ ಎಂದರೆ ಎರಡೂವರೆ ಡಿಗ್ರಿ, 28ರಲ್ಲಿ 10 ಡಿಗ್ರಿ. 180 ಡಿಗ್ರಿಯ ಅಲೆ ಬೇಕೆಂದು ಒಂದು ದಾರಿಯಲ್ಲಿ ಮಾತ್ರ ಇನ್ವರ್ಟರ್ ಸೇರಿಸುವವರೂ ಇದ್ದಾರೆ. 74ಎಚ್‌ಸಿ04 ಒಂದೇ ಸುಮಾರು 7 ನ್ಯಾನೋಸೆಕೆಂಡ್ ತಿನ್ನುತ್ತದೆ. 7 ಮೆಗಾಹರ್ಟ್ಸ್‌ನಲ್ಲೇ 17 ಡಿಗ್ರಿ ಹೋಯಿತು. ಫ್ಲಿಪ್-ಫ್ಲಾಪ್‌ನಲ್ಲಿ ತಲೆಕೆಳಗಾದ ಔಟ್‌ಪುಟ್ ಇರುವಾಗ ಬೇರೆ ಇನ್ವರ್ಟರ್ ಏಕೆ?

ಈಗ ನನ್ನ ಎರಡು ತಂತಿಗಳ ಕಥೆ. ಮನೆಯಲ್ಲಿ ಕಟ್ಟುವ ಬಹುಪಾಲು ರಿಸೀವರ್‌ಗಳಲ್ಲಿ ಮಿಕ್ಸರ್ ಆಗಿ ಇರುವುದು ಡ್ಯಾನ್ ಟೇಲೋ ಅವರ ಡಿಟೆಕ್ಟರ್. ಅದರ ಅಮೆರಿಕನ್ ಪೇಟೆಂಟ್ 2001ರದ್ದು. ನಾಲ್ಕು ಸ್ಥಾನದ ಒಂದು ಸ್ವಿಚ್, ನಾಲ್ಕು ಕೆಪಾಸಿಟರ್‌ಗಳು. ಆಂಟೆನಾದಿಂದ ಬಂದ ಅಲೆಯನ್ನು ಸ್ವಿಚ್ ಕಾಲು ಸುತ್ತಿಗೊಂದರಂತೆ ನಾಲ್ಕೂ ಕೆಪಾಸಿಟರ್‌ಗಳಿಗೆ ಹಂಚುತ್ತದೆ. 0 ಮತ್ತು 180 ಡಿಗ್ರಿಯ ಕೆಪಾಸಿಟರ್‌ಗಳ ವ್ಯತ್ಯಾಸ ಐ, 90 ಮತ್ತು 270ರವುಗಳ ವ್ಯತ್ಯಾಸ ಕ್ಯೂ. ಸ್ವಿಚ್ ಕೆಲಸಕ್ಕೆ ಎಫ್‌ಎಸ್‌ಟಿ3253 ಚಿಪ್. ಅದರ ಎರಡು ವಿಳಾಸ ಕಾಲುಗಳಿಗೆ ಜಾನ್ಸನ್ ಕೌಂಟರ್‌ನ ಎರಡು ಔಟ್‌ಪುಟ್‌ಗಳನ್ನು ಕೊಡುತ್ತೇವೆ.

ಕೌಂಟರ್ 0, 1, 2, 3 ಎಂದು ಎಣಿಸುವುದಿಲ್ಲ ಎಂಬುದನ್ನು ಗಮನಿಸಿ. ಒಂದು ಸಲಕ್ಕೆ ಒಂದೇ ಬಿಟ್ ಬದಲಾಗುವುದರಿಂದ ಅದು 0, 1, 3, 2 ಎಂದು ಎಣಿಸುತ್ತದೆ. ಸ್ವಿಚ್‌ನ ನಾಲ್ಕು ಸ್ಥಾನದ ಕಾಲುಗಳ ಹೆಸರು ಬಿ1ರಿಂದ ಬಿ4. ಹಾಗಾಗಿ ಸ್ವಿಚ್ ಅವುಗಳಿಗೆ ಜೋಡಿಸುವ ಕ್ರಮ ಬಿ1, ಬಿ2, ಬಿ4, ಬಿ3. ನಾನು ಕಾಲುಗಳ ಹೆಸರು ನಂಬಿ ಬಿ1ರ ಎದುರು ಬಿ3, ಬಿ2ರ ಎದುರು ಬಿ4 ಜೋಡಿಸಿದ್ದೆ. ಅಂದರೆ 0ಯಿಂದ 270ನ್ನು ಕಳೆದೆ, 90ರಿಂದ 180ನ್ನು ಕಳೆದೆ. ಕಾಗದದ ಮೇಲೆ ಬಾಣಗಳನ್ನು ಬರೆದು ಕಳೆದು ನೋಡಿ: ಎರಡೂ 45 ಡಿಗ್ರಿಗೇ ಬಂದು ನಿಲ್ಲುತ್ತವೆ. ಐ ಮತ್ತು ಕ್ಯೂ ಅಕ್ಷರಶಃ ಒಂದೇ. ಎರಡು ಗೋಡೆ ಕಟ್ಟಿದ್ದೇನೆ ಎಂದುಕೊಂಡು ಒಂದೇ ಗೋಡೆಯನ್ನು ಎರಡು ಸಲ ನೋಡುತ್ತಿದ್ದೆ. ಬಿ3, ಬಿ4 ತಂತಿಗಳನ್ನು ಅದಲುಬದಲು ಮಾಡಿದ ಕ್ಷಣ ಗೆರೆ ಬಾಯಿ ತೆರೆದು ವೃತ್ತವಾಯಿತು.

ಬೇರೆ ದಾರಿಗಳು

ಕ್ಲಾಕ್ ನಾಲ್ಕು ಪಟ್ಟು ಸಿಗದಿದ್ದರೆ ಎರಡು ಪಟ್ಟಿನಲ್ಲೂ ಕೆಲಸ ಸಾಗಿಸಬಹುದು. ಒಂದು ಫ್ಲಿಪ್-ಫ್ಲಾಪ್ ಏರುವ ಅಂಚನ್ನು, ಇನ್ನೊಂದು ಇಳಿಯುವ ಅಂಚನ್ನು ನೋಡಬೇಕು. ಆದರೆ ಆಗ 90 ಡಿಗ್ರಿ ಎನ್ನುವುದು ಕ್ಲಾಕ್ ಎಷ್ಟು ಹೊತ್ತು ಮೇಲಿದೆ ಎಂಬುದರ ಮೇಲೆ ನಿಲ್ಲುತ್ತದೆ. ಶೇಕಡಾ 50ರ ಬದಲು 51 ಆದರೆ 91.8 ಡಿಗ್ರಿ; ಪ್ರತಿಬಿಂಬ ಮೂಲಕ್ಕಿಂತ 36 ಡೆಸಿಬೆಲ್ ಕೆಳಗಿನ ಮಟ್ಟಕ್ಕೆ ಏರಿತು. ಕ್ಲಾಕ್ ಮಾಡುವ ಚಿಪ್‌ನ ವಿವರಪಟ್ಟಿಯಲ್ಲಿ ಶೇಕಡಾ 45ರಿಂದ 55 ಎಂದು ಬರೆದಿದ್ದರೆ ಈ ದಾರಿ ಬಿಟ್ಟುಬಿಡಿ.

ಎಸ್‌ಐ5351ಎ ಚಿಪ್ ಬಂದ ಮೇಲೆ ಅನೇಕರು ಫ್ಲಿಪ್-ಫ್ಲಾಪ್‌ಗಳನ್ನೇ ಕೈಬಿಟ್ಟಿದ್ದಾರೆ. ಅದರೊಳಗಿನ ವೇಗದ ಆಸಿಲೇಟರ್ 600ರಿಂದ 900 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಅದನ್ನು ಭಾಗಿಸಿ ನಮಗೆ ಬೇಕಾದ ಕಂಪನಾಂಕ ಕೊಡುತ್ತದೆ. ಪ್ರತಿ ಔಟ್‌ಪುಟ್ಟನ್ನೂ ಆ ವೇಗದ ಅಲೆಯ ಕಾಲು ಸುತ್ತಿನಷ್ಟು ಸಣ್ಣ ಮೆಟ್ಟಿಲುಗಳಲ್ಲಿ ತಡಮಾಡಬಹುದು. 7.1 ಮೆಗಾಹರ್ಟ್ಸ್ ಬೇಕು, ಒಳಗಿನದು 710, ಭಾಜಕ 100 ಎನ್ನಿ. ನಮ್ಮ ಅಲೆಯ ಒಂದು ಸುತ್ತಿಗೆ ಒಳಗಿನ 100 ಸುತ್ತು, ಕಾಲು ಸುತ್ತಿನ ಲೆಕ್ಕದಲ್ಲಿ 400 ಮೆಟ್ಟಿಲು. 90 ಡಿಗ್ರಿಗೆ ಅದರ ಕಾಲು ಭಾಗ, ಅಂದರೆ 100. ಭಾಜಕದ ಸಂಖ್ಯೆಯನ್ನೇ ಫೇಸ್ ರಿಜಿಸ್ಟರ್‌ಗೂ ಬರೆದರಾಯಿತು. ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ನನಗೆ ನಗು ಬಂತು, ಇಷ್ಟು ಸಲೀಸೇ ಎಂದು.

ಸಲೀಸಿಗೂ ಮಿತಿಯಿದೆ. ಫೇಸ್ ರಿಜಿಸ್ಟರ್ 7 ಬಿಟ್‌ನದು, 127ರ ಮೇಲೆ ಹೋಗದು. ಸಮಸಂಖ್ಯೆಯ ಭಾಜಕ 126 ಎಂದಿಟ್ಟುಕೊಂಡರೆ 600ನ್ನು ಭಾಗಿಸಿದಾಗ 4.76 ಮೆಗಾಹರ್ಟ್ಸ್. ಅದಕ್ಕಿಂತ ಕೆಳಗೆ, 80 ಮೀಟರ್ (3.5 ಮೆಗಾಹರ್ಟ್ಸ್) ಬ್ಯಾಂಡಿನಲ್ಲಿ, ಈ ಉಪಾಯ ನಿಯಮದ ಪ್ರಕಾರ ನಡೆಯದು. ಒಳಗಿನ ಆಸಿಲೇಟರನ್ನು 600ಕ್ಕಿಂತ ಕೆಳಗೆ ಓಡಿಸಿ ಕೆಲಸ ಮಾಡಿಸುವವರಿದ್ದಾರೆ, ನಾನೂ ಮಾಡಿದ್ದೇನೆ; ಹಾಗೆ ಓಡುತ್ತದೆಂಬ ಭರವಸೆಯನ್ನು ವಿವರಪಟ್ಟಿ ಕೊಡುವುದಿಲ್ಲ. ಇನ್ನೊಂದು: ಭಾಜಕ ಬದಲಿಸಿದಾಗಲೆಲ್ಲ ಒಳಗಿನ ವೇಗದ ಆಸಿಲೇಟರನ್ನು ಹಿಡಿದಿಡುವ ಪಿಎಲ್‌ಎಲ್ ಭಾಗಕ್ಕೆ ರಿಸೆಟ್ ಕೊಡಬೇಕು, ಇಲ್ಲವಾದರೆ ಎರಡು ಔಟ್‌ಪುಟ್‌ಗಳ ನಡುವಿನ ಫೇಸ್ ಎಲ್ಲಿ ಬಿದ್ದಿತೋ ಅಲ್ಲೇ. ಭಾಜಕ ಹಾಗೇ ಇಟ್ಟು ಒಳಗಿನ ಕಂಪನಾಂಕವನ್ನು ಮಾತ್ರ ಸರಿಸುತ್ತಾ ಟ್ಯೂನ್ ಮಾಡಿದರೆ ರಿಸೆಟ್ ಬೇಕಿಲ್ಲ, ಟಕ್ ಟಕ್ ಸದ್ದೂ ಇಲ್ಲ.

ಒಂದೇ ಬ್ಯಾಂಡಿನ ರೇಡಿಯೋಗೆ ಎರಡು ರೆಸಿಸ್ಟರ್, ಎರಡು ಕೆಪಾಸಿಟರ್ ಕೂಡ ಸಾಕು. 220 ಓಮ್, 100 ಪಿಕೋಫ್ಯಾರಡ್ ತೆಗೆದುಕೊಳ್ಳಿ. ಒಂದು ಜೋಡಿ ಲೋ-ಪಾಸ್, ಇನ್ನೊಂದು ಹೈ-ಪಾಸ್. ಒಂದು ಅಲೆ 45 ಡಿಗ್ರಿ ಹಿಂದೆ, ಇನ್ನೊಂದು 45 ಮುಂದೆ. ಕಂಪನಾಂಕ ಏನೇ ಇರಲಿ ಇವೆರಡರ ಅಂತರ 90 ಆಗಿಯೇ ಉಳಿಯುತ್ತದೆ, ಬದಲಾಗುವುದು ಎತ್ತರ. 7.23 ಮೆಗಾಹರ್ಟ್ಸ್‌ನಲ್ಲಿ ಸಮ, 7.0ರಲ್ಲಿ 0.3 ಡೆಸಿಬೆಲ್‌ನಷ್ಟು ವ್ಯತ್ಯಾಸ. ಆಸಿಲೇಟರ್ ಅಲೆಯನ್ನು ಮುಂದೆ ಹೇಗಿದ್ದರೂ ಚೌಕ ಮಾಡುವುದರಿಂದ ಎತ್ತರದ ಚಿಂತೆಯಿಲ್ಲ. ಚಿಂತೆ ಇರುವುದು ಎರಡು ಕೆಪಾಸಿಟರ್‌ಗಳು ಒಂದೇ ಅಳತೆಯವೇ ಎಂಬುದರಲ್ಲಿ. ಶೇಕಡಾ 5 ವ್ಯತ್ಯಾಸವಿದ್ದರೆ ಸುಮಾರು 1.4 ಡಿಗ್ರಿ ತಪ್ಪುತ್ತದೆ, ಶೇಕಡಾ 1 ಇದ್ದರೆ 0.3 ಡಿಗ್ರಿ.

ಕಾಲು ತರಂಗದಷ್ಟು ಉದ್ದದ ಕೋಆಕ್ಸ್ ಕೇಬಲ್‌ನಿಂದಲೂ 90 ಡಿಗ್ರಿ ಬರುತ್ತದೆ. 7.1ಕ್ಕೆ ಸುಮಾರು 7 ಮೀಟರ್ ಕೇಬಲನ್ನು ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿಡಬೇಕು. ಒಮ್ಮೆ ಮಾಡಿ ನೋಡಿ, ಫೇಸ್ ಎಂದರೆ ಸಮಯ ಎಂಬುದು ಕೈಗೆ ಸಿಗುತ್ತದೆ. ಎರಡನೆಯ ಸಲ ಯಾರೂ ಮಾಡುವುದಿಲ್ಲ.

ಮಿಕ್ಸರ್ ದಾಟಿದ ಮೇಲೆ

ಆಸಿಲೇಟರ್‌ನ 90ರ ಬಗ್ಗೆ ಅಷ್ಟೊಂದು ತಲೆಕೆಡಿಸಿಕೊಂಡವರು ಮಿಕ್ಸರ್ ಆಚೆಗೆ ಉದಾಸೀನರಾಗುವುದನ್ನು ಬಹಳ ನೋಡಿದ್ದೇನೆ. ಅಲ್ಲಿ ಆಗುವ ತಪ್ಪೇ ಹೆಚ್ಚು ತೊಂದರೆಯದು, ಏಕೆಂದರೆ ಅದು ಪರದೆಯ ಒಂದೊಂದು ಜಾಗದಲ್ಲಿ ಒಂದೊಂದು ಥರ.

ಸೌಂಡ್ ಕಾರ್ಡಿಗೆ ಹೋಗುವ ದಾರಿಯ ಕಪ್ಲಿಂಗ್ ಕೆಪಾಸಿಟರ್ ನೋಡಿ. 1 ಮೈಕ್ರೋಫ್ಯಾರಡ್, ಮುಂದೆ 10 ಕಿಲೋ ಓಮ್. ಎಲೆಕ್ಟ್ರೋಲಿಟಿಕ್ ಆದರೆ ಅಳತೆ ಶೇಕಡಾ 20 ಅತ್ತಿತ್ತ ಇರುವುದು ಮಾಮೂಲು. ಒಂದು ಚಾನೆಲ್‌ನಲ್ಲಿ 0.8, ಇನ್ನೊಂದರಲ್ಲಿ 1.2 ಬಿದ್ದರೆ 300 ಹರ್ಟ್ಸ್‌ನಲ್ಲಿ ಒಂದೂಕಾಲು ಡಿಗ್ರಿ ವ್ಯತ್ಯಾಸ. 3 ಕಿಲೋಹರ್ಟ್ಸ್‌ನಲ್ಲಿ ಅದರ ಹತ್ತನೆಯ ಒಂದು ಭಾಗ. ಇದಕ್ಕೆ ಔಷಧ ಸುಲಭ, 10 ಮೈಕ್ರೋಫ್ಯಾರಡ್ ಹಾಕಿ. ತಪ್ಪು ಇರುತ್ತದೆ, ಆದರೆ ನಮಗೆ ಬೇಡದ 30 ಹರ್ಟ್ಸ್‌ನತ್ತ ಸರಿಯುತ್ತದೆ.

ಡಿಟೆಕ್ಟರ್‌ನ ನಾಲ್ಕು ಕೆಪಾಸಿಟರ್‌ಗಳದ್ದು ಇದರ ತದ್ವಿರುದ್ಧ. 50 ಓಮ್ ಆಂಟೆನಾ, ತಲಾ 22 ನ್ಯಾನೋಫ್ಯಾರಡ್ ಇದ್ದರೆ ಒಟ್ಟು ಅಗಲ 72 ಕಿಲೋಹರ್ಟ್ಸ್, ಅಂದರೆ ನಡುಗೆರೆಯಿಂದ ಅತ್ತ 36, ಇತ್ತ 36. ಐ ಮತ್ತು ಕ್ಯೂ ಕಡೆಯ ಕೆಪಾಸಿಟರ್‌ಗಳಲ್ಲಿ ಶೇಕಡಾ 5 ವ್ಯತ್ಯಾಸವಿದ್ದರೆ 1 ಕಿಲೋಹರ್ಟ್ಸ್‌ನಲ್ಲಿ 0.1 ಡಿಗ್ರಿಯೂ ತಪ್ಪುವುದಿಲ್ಲ, 20 ಕಿಲೋಹರ್ಟ್ಸ್‌ನಲ್ಲಿ 1 ಡಿಗ್ರಿ ದಾಟುತ್ತದೆ. ನಡುವೆ ಚೊಕ್ಕಟ, ಅಂಚಿಗೆ ಹೋದಂತೆ ಪ್ರತಿಬಿಂಬ ಮೇಲೇಳುತ್ತದೆ. ಇಲ್ಲಿ ಒಂದೇ ಪಟ್ಟಿಯಿಂದ ಕತ್ತರಿಸಿದ ಸಿ0ಜಿ ಅಥವಾ ಫಿಲ್ಮ್ ಕೆಪಾಸಿಟರ್ ಹಾಕಿ, ಹಾಕುವ ಮುನ್ನ ಮೀಟರ್‌ನಲ್ಲಿ ಅಳೆದು ಜೋಡಿ ಮಾಡಿ. ಎಕ್ಸ್7ಆರ್ ಬೇಡ, ಬಿಸಿಲಿಗೂ ಚಳಿಗೂ ಅದರ ಅಳತೆ ಬದಲಾಗುತ್ತದೆ.

ಮೂರನೆಯದು ಸೌಂಡ್ ಕಾರ್ಡಿನದೇ. ಕೆಲವು ಕಾರ್ಡುಗಳು ಎಡ ಬಲ ಚಾನೆಲ್‌ಗಳನ್ನು ಒಂದು ಮಾದರಿಯಷ್ಟು (ಸ್ಯಾಂಪಲ್) ಹಿಂದೆ ಮುಂದೆ ಕೊಡುತ್ತವೆ. 48 ಕಿಲೋಹರ್ಟ್ಸ್‌ನಲ್ಲಿ ಅದು 20.8 ಮೈಕ್ರೋಸೆಕೆಂಡ್. ಸಣ್ಣದಲ್ಲವೇ ಎನಿಸಬಹುದು. 1 ಕಿಲೋಹರ್ಟ್ಸ್‌ನಲ್ಲಿ ಏಳೂವರೆ ಡಿಗ್ರಿ, 10 ಕಿಲೋಹರ್ಟ್ಸ್‌ನಲ್ಲಿ 75! ಬೆಸುಗೆ ಹಾಕಿದ ಬೋರ್ಡನ್ನು ಎಷ್ಟು ಬೈದರೂ ಇದು ಸರಿಹೋಗದು. ಸಾಫ್ಟ್‌ವೇರ್‌ನಲ್ಲಿ ಒಂದು ಚಾನೆಲ್ಲನ್ನು ಒಂದು ಮಾದರಿ ತಡಮಾಡಿದರೆ ಕ್ಷಣದಲ್ಲಿ ಸರಿ.

ಹಾಗಾಗಿ ಪರೀಕ್ಷೆ ಹೀಗೆ ಮಾಡಿ. ಒಂದು ಕ್ರಿಸ್ಟಲ್ ಆಸಿಲೇಟರ್ ಹತ್ತಿರದಲ್ಲಿಟ್ಟು ರಿಸೀವರ್ ಟ್ಯೂನ್ ಮಾಡುತ್ತಾ ಆ ಸಿಗ್ನಲ್ಲನ್ನು ಪರದೆಯ ಮೇಲೆ ನಡುವಿನಿಂದ ಅಂಚಿನವರೆಗೆ ನಡೆಸಿ. ಪ್ರತಿ ಜಾಗದಲ್ಲೂ ಪ್ರತಿಬಿಂಬ ಎಷ್ಟು ಕೆಳಗಿದೆ ಎಂದು ಬರೆದುಕೊಳ್ಳಿ. ಎಲ್ಲ ಕಡೆ ಒಂದೇ ಇದ್ದರೆ ತಪ್ಪು ಆಸಿಲೇಟರ್ ಭಾಗದ್ದು, ಅಥವಾ ಆಂಪ್ಲಿಫೈಯರ್‌ಗಳ ಗೇನ್ ಸಮವಿಲ್ಲ. ನಡುಗೆರೆಯ ಹತ್ತಿರ ಮಾತ್ರ ಕೆಟ್ಟಿದ್ದರೆ ಕಪ್ಲಿಂಗ್ ಕೆಪಾಸಿಟರ್. ಅಂಚಿಗೆ ಹೋದಂತೆ ಕೆಟ್ಟರೆ ಡಿಟೆಕ್ಟರ್ ಕೆಪಾಸಿಟರ್ ಅಥವಾ ಫಿಲ್ಟರ್; ಸುತ್ತೆಲ್ಲ ಹಾಳಾಗಿ ಅಂಚಿನತ್ತ ಹೋಗುವಷ್ಟರಲ್ಲಿ ಸಿಗ್ನಲ್ಲಿಗೂ ಪ್ರತಿಬಿಂಬಕ್ಕೂ ಭೇದವೇ ಉಳಿಯದಿದ್ದರೆ ಒಂದು ಮಾದರಿಯ ತಡ. ಬೇರೆ ಬ್ಯಾಂಡಿಗೆ ಹೋದಾಗ, 7ರಿಂದ 28ಕ್ಕೆ, ತಪ್ಪು ನಾಲ್ಕು ಪಟ್ಟಾದರೆ ಎಲ್ಲೋ ಕ್ಲಾಕ್ ದಾರಿಯಲ್ಲಿ ಕೆಲವು ನೂರು ಪಿಕೋಸೆಕೆಂಡ್ ಸೋರಿದೆ; ಎರಡು ದಾರಿಗಳ ಉದ್ದ ಮತ್ತು ಹೊರೆ ನೋಡಿ.

ಆಸಿಲೋಸ್ಕೋಪ್ ಇಲ್ಲದವರಿಗೂ ಒಂದು ಉಪಾಯವಿದೆ. ಎರಡು ಚೌಕ ಅಲೆಗಳನ್ನು 74ಎಸಿ86ರ ಒಂದು ಎಕ್ಸ್-ಆರ್ ಗೇಟಿಗೆ ಕೊಡಿ. ಎರಡು ಇನ್‌ಪುಟ್‌ಗಳು ಬೇರೆ ಬೇರೆಯಿದ್ದಾಗ ಮಾತ್ರ ಅದರ ಔಟ್‌ಪುಟ್ ಮೇಲಿರುತ್ತದೆ. ಔಟ್‌ಪುಟ್‌ಗೆ 10 ಕಿಲೋ ಓಮ್, 0.1 ಮೈಕ್ರೋಫ್ಯಾರಡ್ ಹಾಕಿ ಮಲ್ಟಿಮೀಟರ್‌ನಲ್ಲಿ ಸರಾಸರಿ ವೋಲ್ಟೇಜ್ ಓದಿ. 5.00 ವೋಲ್ಟ್ ಪೂರೈಕೆಯಿದ್ದು 90 ಸರಿಯಿದ್ದರೆ 2.50 ತೋರಿಸಬೇಕು. ಒಂದು ಡಿಗ್ರಿಗೆ ಸುಮಾರು 28 ಮಿಲಿವೋಲ್ಟ್. 2.55 ತೋರಿಸಿದರೆ 1.8 ಡಿಗ್ರಿ ತಪ್ಪಿದೆ. ಆಗಲೇ ಹೇಳಿದ ಶೇಕಡಾ 51ರ ಕ್ಲಾಕ್ ಕೊಡುವುದು ಇಷ್ಟೇ. ಎರಡೂ ಅಲೆಗಳು ಅರ್ಧ ಹೊತ್ತು ಮೇಲೆ, ಅರ್ಧ ಹೊತ್ತು ಕೆಳಗೆ ಇರಬೇಕು ಎಂಬ ಷರತ್ತು ಇದಕ್ಕಿದೆ. 28 ಮೆಗಾಹರ್ಟ್ಸ್‌ನಲ್ಲಿ ಇದನ್ನು ನಂಬಬೇಡಿ, ಅಲ್ಲಿ ಗೇಟಿನ ಸ್ವಂತ ವಿಳಂಬವೇ ಅಳತೆಯಲ್ಲಿ ಸೇರಿಕೊಳ್ಳುತ್ತದೆ.

ಸಭೆಯಿಂದ ಬಂದ ಎರಡು ಪ್ರಶ್ನೆಗಳು

ಸಾಫ್ಟ್‌ವೇರ್ ತಿದ್ದುತ್ತದೆ ಎಂದ ಮೇಲೆ ಇಷ್ಟೆಲ್ಲ ಕಷ್ಟವೇಕೆ ಎಂದು ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಸಾಮಾನ್ಯ ಪ್ರೋಗ್ರಾಂಗಳಲ್ಲಿ ಇರುವುದು ಎರಡು ಗುಂಡಿಗಳು, ಒಂದು ಎತ್ತರಕ್ಕೆ, ಒಂದು ಫೇಸ್‌ಗೆ. ಒಂದರಲ್ಲಿ ಪ್ರತಿಬಿಂಬವನ್ನು ತಳಕ್ಕಿಳಿಸಿ, ಇನ್ನೊಂದರಲ್ಲಿ ಇಳಿಸಿ, ಮತ್ತೆ ಮೊದಲನೆಯದಕ್ಕೆ ಬರಬೇಕು. ಪರದೆಯ ಉದ್ದಗಲಕ್ಕೂ ಒಂದೇ ಥರ ಇರುವ ತಪ್ಪನ್ನು ಅವು ಅಳಿಸಿಬಿಡುತ್ತವೆ. ಜಾನ್ಸನ್ ಕೌಂಟರ್‌ನ ಉಳಿದ ಅರ್ಧ ಡಿಗ್ರಿಯ ಬಗ್ಗೆ ನಾನು ನಿದ್ದೆ ಕೆಡಿಸಿಕೊಳ್ಳುವುದಿಲ್ಲ. ಕಂಪನಾಂಕದ ಜೊತೆ ಬದಲಾಗುವ ತಪ್ಪಿಗೆ ಆ ಗುಂಡಿಗಳು ಸಾಲವು. ಒಂದು ಜಾಗದಲ್ಲಿ ಅಳಿಸಿದರೆ ಇನ್ನೊಂದು ಜಾಗದಲ್ಲಿ ಎದ್ದು ಕೂರುತ್ತದೆ. ಜಾಗಕ್ಕೊಂದು ತಿದ್ದುಪಡಿ ಕಲಿಯುವ ಪ್ರೋಗ್ರಾಂಗಳೂ ಇವೆ, ಬರೆಯುವ ತಾಳ್ಮೆಯಿದ್ದರೆ ಬರೆಯಿರಿ. ನಾಲ್ಕು ಒಳ್ಳೆಯ ಕೆಪಾಸಿಟರ್ ಆರಿಸುವುದು ನನಗೆ ಸುಲಭವೆನಿಸುತ್ತದೆ.

21 ಮೆಗಾಹರ್ಟ್ಸ್‌ನ ಪ್ರಸಾರವೊಂದು ತನ್ನ 7 ಮೆಗಾಹರ್ಟ್ಸ್ ರಿಸೀವರ್‌ನಲ್ಲಿ ಕೇಳಿಸುತ್ತಿದೆ, ಫೇಸ್ ತಿರುಗಿಸಿದರೂ ಹೋಗುತ್ತಿಲ್ಲ ಎಂದರು ಇನ್ನೊಬ್ಬರು. ಅದು ಪ್ರತಿಬಿಂಬವಲ್ಲ. ಚೌಕ ಅಲೆಯಿಂದ ಸ್ವಿಚ್ ಮಾಡುವ ಯಾವ ಡಿಟೆಕ್ಟರ್ ಆದರೂ ಮೂರು ಪಟ್ಟು ಕಂಪನಾಂಕವನ್ನೂ ಹಿಡಿಯುತ್ತದೆ, ಮೂಲಕ್ಕಿಂತ ಕೇವಲ ಒಂಬತ್ತೂವರೆ ಡೆಸಿಬೆಲ್ ಕಡಿಮೆಯಾಗಿ. ಅದೂ ಉಲ್ಟಾ ಸುತ್ತುತ್ತಾ. ಆಂಟೆನಾ ಮತ್ತು ಸ್ವಿಚ್ ನಡುವೆ ಒಳ್ಳೆಯ ಫಿಲ್ಟರ್ ಇಲ್ಲದೆ ಅದಕ್ಕೆ ಬೇರೆ ಪರಿಹಾರವಿಲ್ಲ.

ಟ್ರಾನ್ಸ್‌ಮಿಟರ್ ಬಗ್ಗೆ ಒಂದು ಮಾತು ಹೇಳದೆ ಏಳುವ ಹಾಗಿಲ್ಲ. ರಿಸೀವರ್‌ನಲ್ಲಿ ಪ್ರತಿಬಿಂಬ ಉಳಿದರೆ ಕಷ್ಟ ನಮಗೆ. ಟ್ರಾನ್ಸ್‌ಮಿಟರ್‌ನಲ್ಲಿ ಉಳಿದರೆ ಪಕ್ಕದಲ್ಲಿ ಮಾತಾಡುತ್ತಿರುವವರಿಗೆ. ಅಲ್ಲಿ ತಿದ್ದುಪಡಿ ಮಾಡಲು ನಮ್ಮದೇ ಪರದೆ ಉಪಯೋಗಕ್ಕೆ ಬರುವುದಿಲ್ಲ, ಹೊರಗೆ ಹೋದದ್ದನ್ನು ಇನ್ನೊಂದು ರಿಸೀವರ್ ಕೇಳಿ ಹೇಳಬೇಕು. ನಾನು ಔಟ್‌ಪುಟ್ಟನ್ನು ಆಂಟೆನಾ ಬದಲು ಡಮ್ಮಿ ಲೋಡಿಗೆ ಕೊಟ್ಟು, ಪಕ್ಕದ ಕೋಣೆಯಲ್ಲಿ ಇನ್ನೊಂದು ರಿಸೀವರ್ ಇಟ್ಟು, ಒಂದೇ ಸ್ವರ ಕಳಿಸುತ್ತಾ ಆಚೆ ಬದಿಯಲ್ಲಿ ಕಿವಿಯಿಡುತ್ತೇನೆ. ರೇಡಿಯೋ ಬಿಸಿಯಾಗುವವರೆಗೆ ಕಾದು ಮತ್ತೊಮ್ಮೆ ಕೇಳುತ್ತೇನೆ, ಏಕೆಂದರೆ ತಣ್ಣಗಿದ್ದಾಗ ತಿದ್ದಿದ ಅಂಕಿ ಹದಿನೈದು ನಿಮಿಷದ ಮೇಲೆ ಸ್ವಲ್ಪ ಜಾರಿರುತ್ತದೆ. ಬ್ಯಾಂಡಿಗೊಂದರಂತೆ ಎರಡೆರಡು ಅಂಕಿ, ಎತ್ತರದ್ದು ಮತ್ತು ಫೇಸ್‌ನದು, ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಚೀಟಿಯಲ್ಲಿ ಅಂಟಿಸಿಟ್ಟಿದ್ದೇನೆ. ಅದರ ಪಕ್ಕದಲ್ಲೇ ಇನ್ನೊಂದು ಚೀಟಿಯೂ ಇದೆ: ಬಿ1, ಬಿ2, ಬಿ4, ಬಿ3.